ದೊರೆಯ ಮೂಗು

೯ ಜೂನ್ ೧೯೪೧, ಚನ್ನಗಿರಿ

ಗಣಿ ಮುಚ್ಚಿತು. ನೆಲದೊಳಗಿನ ಮ್ಯಾಂಗನೀಸು ತೀರಿತೆಂದು ಲಂಡನ್ನಿನ ಕಂಪನಿಯವರು ತಂತಿ ಕೊಟ್ಟರು. ಅದರ ಜೊತೆಗೆ ನಮ್ಮ ಅನ್ನವೂ ತೀರಿತೆಂದು ತಂತಿಯಲ್ಲಿರಲಿಲ್ಲ. ತಂತಿಗೆ ಪದದ ಲೆಕ್ಕದಲ್ಲಿ ಕಾಸು ಬೀಳುತ್ತದೆ, ಅಷ್ಟನ್ನು ನಾವೇ ಊಹಿಸಿಕೊಳ್ಳಬೇಕು. ಕೂಲಿಗಳು ಹಾರೆ ಗುದ್ದಲಿ ಒಪ್ಪಿಸಿ ಹೋದರು. ಉಳಿದವರು ಬಂಗಲೆಯ ಟ್ರೆಗಿಯರ್ ದೊರೆ, ಅವರ ಅಡಿಗೆಯ ದುರುಗಪ್ಪ, ಮತ್ತು ಗುಮಾಸ್ತ ಮರುಳಪ್ಪ ಬಿ.ಎ. ಈ ಕೊನೆಯವನು ನಾನು. ಬಿ.ಎ. ಎಂದರೆ ಬಿಟ್ಟಿ ಆಳು ಎಂದು ಮೈಸೂರಿನ ಹಾಸ್ಟೆಲಿನಲ್ಲೇ ವಿಗ್ರಹವಾಕ್ಯ ಹೇಳಿದ್ದೆ. ಆಗ ಎಲ್ಲರೂ ನಕ್ಕಿದ್ದರು.

ಬೇರೆ ಕೆಲಸಕ್ಕೆ ಅಲೆದದ್ದಾಯಿತು. ಹೊನ್ನಾಳಿ ಕಚೇರಿಯಲ್ಲಿ ಜಾಗ ಖಾಲಿ ಇಲ್ಲ. ನ್ಯಾಮತಿಯಲ್ಲಿ ಮೇಷ್ಟರ ಜಾಗ ಖಾಲಿ ಇದೆ, ಸಂಬಳದ ಪೆಟ್ಟಿಗೆಯೂ ಖಾಲಿ ಇದೆ. ಜಗಳೂರಿನಲ್ಲಿ ಕರೆದರು, ಹೆಸರಲ್ಲೇ ಜಗಳ ಇಟ್ಟುಕೊಂಡ ಊರಿಗೆ ಬಸುರಿ ಹೆಂಡತಿಯನ್ನು ಕರೆದುಕೊಂಡು ಹೋಗುವುದು ಬೇಡವೆಂದೆ. ನಿಜ ಹೇಳಬೇಕೆಂದರೆ, ಅವರೂ ಆಮೇಲೆ ಬೇಡವೆಂದರು.

ದೊರೆ ಮಾತ್ರ ನನ್ನನ್ನು ಬಿಡಲಿಲ್ಲ. ಇನ್ನೊಂದು ಕೆಲಸ ಇದೆ, ಗುರುವಾರ ಬಾ ಎಂದಿದ್ದಾರೆ. ನಿರ್ಮಲಾ ಅಡಿಗೆಮನೆಯ ಹೊಸ್ತಿಲಲ್ಲಿ ಹುಣಸೆ ಚಿಗುರು ತಿನ್ನುತ್ತ ಕುಳಿತಿದ್ದಳು. ಗಣಿಯೇ ಇಲ್ಲದ ಮೇಲೆ ಗುಮಾಸ್ತ ಯಾತಕ್ಕೆ ಎಂದು ಕೇಳಿದಳು. ಪ್ರಶ್ನೆ ಸರಿಯಾಗಿತ್ತು. ಏನೋ ತಮಾಷೆ ಮಾಡಿ ತಪ್ಪಿಸಿಕೊಂಡೆ.

೧೨ ಜೂನ್

ಕೆಲಸ ತಿಳಿಯಿತು.

ದೊರೆ ಎರಡು ವರ್ಷದ ಹಿಂದೆ ಗಣಿಯ ಏಣಿಯಿಂದ ಬಿದ್ದದ್ದು ನನಗೆ ಗೊತ್ತು. ತಲೆಯ ಹಿಂಭಾಗಕ್ಕೆ ಪೆಟ್ಟಾಗಿ ಅವತ್ತಿನಿಂದ ಅವರ ಮೂಗು ಸತ್ತಿದೆ ಎಂಬುದು ಗೊತ್ತಿರಲಿಲ್ಲ. ಅವರಿಗೆ ಗುಲಾಬಿಯೂ ಒಂದೇ ಗೊಬ್ಬರವೂ ಒಂದೇ. ಹಳೆಯ ಸುರಂಗದ ತಂಪಿನಲ್ಲಿ ಅವರು ಒಂದು ದೊಡ್ಡ ಪೆಟ್ಟಿಗೆ ಬಚ್ಚಿಟ್ಟಿದ್ದಾರೆ. ಫ್ರಾನ್ಸಿನ ಬಿಳಿ ದ್ರಾಕ್ಷಾರಸ. ದ್ರಾಕ್ಷಿಯ ಜಾತಿ ಶಾರ್ಡೊನೆ. ಓಕ್ ಎಂಬ ಮರದ ಪೀಪಾಯಿಯಲ್ಲಿ ವರ್ಷಗಟ್ಟಲೆ ಕೂರಿಸಿ ಆಮೇಲೆ ಬಾಟಲಿಗೆ ಇಳಿಸಿದ್ದು. ಶಾರದೆಯ ದೊನ್ನೆ ಎಂದು ನಾನು ಮನಸ್ಸಿನಲ್ಲೇ ತರ್ಜುಮೆ ಮಾಡಿಕೊಂಡೆ. ಯುದ್ಧ ಮುಗಿಯುವವರೆಗೆ ಇನ್ನು ಆ ದೇಶದಿಂದ ಹನಿಯೂ ಬರುವುದಿಲ್ಲ, ಊರಿಗೆ ಹೋಗಲು ದೊರೆಗೆ ಹಡಗೂ ಇಲ್ಲ. ಮುಪ್ಪಿಗೆಂದು ಇಟ್ಟದ್ದು. ಈಗ ಮುಪ್ಪು ಬಂದಿದೆ, ಮೂಗು ಹೋಗಿದೆ.

ದೊರೆ ಮೂವತ್ತು ವರ್ಷದಿಂದ ಕೂಲಿಗಳ ಬಾಯಿಂದ ಕನ್ನಡ ಕಲಿತವರು. ‘ತಾವು’ ಎಂಬ ಪದ ಅವರ ಕಿವಿಗೆ ಬಿದ್ದೇ ಇಲ್ಲ.

‘ನಾಲಿಗೆಗೆ ಹುಳಿ ಸಿಗತೈತೆ, ಅಷ್ಟೇ. ಮಿಕ್ಕಿದ್ದೆಲ್ಲ ಮೂಗಿನ ಆಟ ಕಣಪ್ಪ. ನೀನು ಕುಡಿ. ಏನೇನೈತೆ ಅಂತ ನಂಗೆ ಹೇಳು.’

ಇಷ್ಟು ದಿನ ನನ್ನದು ರುಜು ಹಾಕುವ ಕೆಲಸ. ಇನ್ನು ರುಚಿ ನೋಡುವ ಕೆಲಸ. ನಾನು ಲಿಂಗವಂತ, ಬಾಯಿಗೆ ಇಡುವುದೆಲ್ಲ ಮೊದಲು ಲಿಂಗಕ್ಕೆ ಅರ್ಪಣೆಯಾಗಬೇಕು, ಇದನ್ನು ಹೇಗೆ ಅರ್ಪಿಸಲಿ ಎಂದೆ. ದೊರೆಗೆ ಅದೂ ಗೊತ್ತು. ಯೋಚನೆ ಮಾಡು, ಬಲವಂತ ಇಲ್ಲ, ಆದರೆ ಬೇರೆ ಕೆಲಸವೂ ಇಲ್ಲ ಎಂದರು.

೧೪ ಜೂನ್

ಯೋಚನೆ ಮಾಡಿದೆ. ತರ್ಕಶಾಸ್ತ್ರದಲ್ಲಿ ನನಗೆ ಒಳ್ಳೆಯ ಅಂಕ ಬಂದಿತ್ತು. ಅದು ಇಲ್ಲಿಯವರೆಗೆ ಕೂತು ತಿಂದದ್ದೇ ಹೊರತು ದುಡಿದಿರಲಿಲ್ಲ. ಬಾಯಿಗೆ ಹಾಕಿ ಉಗುಳಿದರೆ ಅದು ಸೇವನೆಯಲ್ಲ, ಬಾಯಿ ಮುಕ್ಕಳಿಸುವುದು. ಮುಕ್ಕಳಿಸುವುದಕ್ಕೆ ಅರ್ಪಣೆ ಬೇಕಿಲ್ಲ. ಆದರೂ ಎದೆಯ ಮೇಲೆ ಬೆಳ್ಳಿ ಕರಡಿಗೆಯೊಳಗೆ ಲಿಂಗ ಕುಳಿತಿದೆ, ಕಣ್ಣೆದುರೇ ನಡೆದರೆ ಅದಕ್ಕೂ ಮುಜುಗರ. ಶಿವದಾರವನ್ನು ಹಿಂದಕ್ಕೆ ತಿರುಗಿಸಿ ಕರಡಿಗೆಯನ್ನು ಬೆನ್ನಿಗೆ ಹಾಕಿಕೊಂಡೆ. ಮುಗಿದ ಮೇಲೆ ಮುಂದಕ್ಕೆ ತಂದುಕೊಳ್ಳುವುದು. ಇದರಿಂದ ಯಾರಿಗೂ ನಷ್ಟವಿಲ್ಲ. ಮದ್ಯಕ್ಕೂ ದೊರೆಗೂ ನಡುವೆ ನಾನು ಬರಿಯ ಮಧ್ಯಸ್ಥ.

ಸಂಜೆ ನಾಲ್ಕಕ್ಕೆ ದುರುಗಪ್ಪ ಗಾಜಿನ ಲೋಟ ತಂದಿಟ್ಟ. ಒಂದು ಗುಟುಕು ಬಾಯಲ್ಲಿ ತಿರುಗಿಸಿ ಉಗುಳಿ, ಕಾಲೇಜಿನ ಇಂಗ್ಲಿಷಿನಲ್ಲಿ ಇದು ಹುಳಿಯಾಗಿದೆ, ಆದರೆ ಮರ್ಯಾದಸ್ಥ ಹುಳಿ ಎಂದೆ. ದೊರೆ ಕೈ ಅಡ್ಡ ಆಡಿಸಿದರು. ಇಂಗ್ಲಿಷ್ ಬೇಡ, ಬಾಯಿಗೆ ಬಂದದ್ದು ಬಂದ ಹಾಗೆ ಹೇಳು ಎಂದರು.

ಬಾಯಿಗೆ ಬಂದದ್ದು ಇದು. ಬಣ್ಣ, ಅಡಿಕೆಯ ಹೊಂಬಾಳೆ ಸೀಳಿದಾಗ ಒಳಗೆ ಕಾಣುವ ಹಳದಿ. ಲೋಟ ಮೂಗಿನ ಹತ್ತಿರ ತಂದರೆ ಬೆಣ್ಣೆ ಕಾಯಿಸುವ ವಾಸನೆ. ತುಪ್ಪ ಆಗಿಲ್ಲ, ಆಗಲು ಇನ್ನೇನು ಮನಸ್ಸು ಮಾಡಿದೆ. ಅದರ ಹಿಂದೆ ಬಡಗಿ ಮರ ಹೆರೆದ ಸಿಪ್ಪೆ, ಹಸಿದಲ್ಲ, ಬಿಸಿಲಿಗೆ ಬಿದ್ದದ್ದು. ಬಾಯಲ್ಲಿ ಮೊದಲು ಮಾದಲಹಣ್ಣಿನ ಸಿಪ್ಪೆ, ಆಮೇಲೆ ದೋರೆಗಾಯಿ ಸೀಬೆ, ಕೊನೆಗೆ ಒಸಡು ಹಿಡಿಯುವ ಒಗರು, ಅಡಿಕೆ ಬೇಯಿಸಿದ ಚೊಗರನ್ನು ಮಕ್ಕಳಾಗಿದ್ದಾಗ ಬೆರಳದ್ದಿ ನೆಕ್ಕಿದ ಹಾಗೆ.

ಕಣ್ಣು ತೆರೆದು ನೋಡಿದರೆ ದೊರೆ ಕಣ್ಣು ಮುಚ್ಚಿದ್ದರು. ಅವರ ಲೋಟ ತುಟಿಯ ಹತ್ತಿರವೇ ನಿಂತಿತ್ತು.

‘ಬೆಣ್ಣೆ,’ ಎಂದರು. ‘ಹೌದು ಕಣಪ್ಪ. ಬೆಣ್ಣೆ ಇತ್ತು.’

ಮನೆಗೆ ಬಂದು ತಣ್ಣೀರು ಸ್ನಾನ ಮಾಡಿದೆ. ಈ ಸೆಕೆಗೆ ಸ್ನಾನ ಒಳ್ಳೆಯದೇ ಎಂದು ನಿರ್ಮಲಾ ತಾನೇ ಕಾರಣ ಕೊಟ್ಟುಕೊಂಡಳು.

೨೮ ಜೂನ್

ಉಗುಳುವುದರಿಂದ ಕೆಲಸ ಕೆಡುತ್ತದೆ. ರುಚಿಯ ಬಾಲ ಗಂಟಲಲ್ಲಿರುತ್ತದೆ. ಉಗುಳಿದರೆ ಬಾಲವಿಲ್ಲದ ರುಚಿಯನ್ನು ದೊರೆಗೆ ಒಪ್ಪಿಸಿದ ಹಾಗಾಯಿತು. ಆದ್ದರಿಂದ ಒಂದೇ ಗುಟುಕು ನುಂಗುತ್ತೇನೆ. ತೆಗೆದುಕೊಂಡ ಸಂಬಳಕ್ಕೆ ಮೋಸ ಮಾಡಬಾರದು.

ಇವತ್ತು ಹುರಿಗಡಲೆ ಸಿಕ್ಕಿತು, ಸಂಪಿಗೆಯ ಒಣಗಿದ ಎಸಳು ಸಿಕ್ಕಿತು. ಮೊದಲ ಮಳೆ ಬಿದ್ದ ಕಲ್ಲು ಚಪ್ಪಡಿ ಸಿಕ್ಕಿತು. ದೊರೆ ಮತ್ತೆ ಮತ್ತೆ ಕೇಳಿದರು. ನಾನು ಪತ್ರಿಕೆಗಳಿಗೆ ಕಳಿಸಿದ ವಿನೋದ ಪ್ರಬಂಧಗಳೆಲ್ಲ ಹೋದ ಅಂಚೆಯಲ್ಲೇ ಹಿಂದಿರುಗಿವೆ. ನಿರ್ಮಲಾಗೆ ಓದಿ ಹೇಳಿದರೆ ಎರಡನೆಯ ಪುಟಕ್ಕೆ ನಿದ್ದೆ ಹೋಗುತ್ತಾಳೆ, ಅದೂ ಬಸುರಿಯಾಗುವ ಮೊದಲಿನಿಂದಲೇ. ನನ್ನ ಮಾತಿಗೆ ಒಬ್ಬ ಮನುಷ್ಯ ಉಸಿರು ಬಿಗಿ ಹಿಡಿದು ಕೂತದ್ದನ್ನು ನಾನು ಈ ಜೂನ್‌ನಲ್ಲಿ ಮೊದಲು ನೋಡಿದೆ.

೧೯ ಜುಲೈ

ಈ ದಿನದ ಬಾಟಲಿ ಎಲ್ಲಕ್ಕಿಂತ ಉತ್ತಮ. ಮೂಗಿಗೆ ತಂದ ಕೂಡಲೇ ನೆನೆದ ಗೋಣಿಚೀಲ. ಅಪ್ಪ ಸಂತೇಬೆನ್ನೂರಿನ ಸಂತೆಯಲ್ಲಿ ಅಡಿಕೆ ಮಾರುವಾಗ ಮಳೆ ಹಿಡಿದು, ಖಾಲಿ ಚೀಲವೊಂದನ್ನು ಗೊಪ್ಪೆ ಮಾಡಿ ನನ್ನ ತಲೆಗೆ ಹೊದಿಸಿದ್ದರು. ಒಳಗೆ ಕತ್ತಲೆ, ಸೆಣಬಿನ ವಾಸನೆ, ಹೊರಗೆ ಅಪ್ಪನ ದನಿ ಯಾರ ಜೊತೆಯೋ ಚೌಕಾಸಿ ಮಾಡುತ್ತಿತ್ತು. ಅದರ ಹಿಂದೆ ಸೂಳೆಕೆರೆಯ ನೀರು ಇಳಿದ ಮೇಲೆ ದಂಡೆಯಲ್ಲಿ ಬಿರಿದ ಕೆಸರು. ನಾನು ಒಂದೇ ಸಮನೆ ಹೇಳಿದೆ. ಅಪ್ಪ ಸತ್ತ ಮೇಲೆ ಅವರ ಬಗ್ಗೆ ಅಷ್ಟು ಮಾತಾಡಿದ್ದು ಅದೇ ಮೊದಲು.

ಮುಗಿಸಿದಾಗ ದೊರೆಯ ಮುಖ ಇಳಿದಿತ್ತು. ಗೋಣಿಚೀಲ ಬಂತೆಂದರೆ ಬಿರಡೆ ಕೊಳೆತಿದೆ ಎಂದು ಅರ್ಥವಂತೆ. ಅದೇ ಬಾಟಲಿಯನ್ನು ಅವರು ಎಲ್ಲಕ್ಕಿಂತ ಹೆಚ್ಚು ದಿನ ಕಾದಿಟ್ಟಿದ್ದರು. ಕೆಟ್ಟದ್ದನ್ನು ನಾನು ಹೊಗಳಿ ಅಟ್ಟಕ್ಕೇರಿಸಿದ್ದೆ. ತಲೆ ತಗ್ಗಿಸಿ ಎದ್ದೆ.

‘ಕೂತ್ಕ,’ ಎಂದರು. ‘ಕೆಟ್ಟಿದ್ರೆ ಕೆಡ್ಲಿ. ನಿಮ್ಮಪ್ಪ ಚೀಲ ಹೊದಿಸಿದ್ದು ಅಂದ್ಯಲ್ಲ, ಅದನ್ನ ಇನ್ನೊಂದ್ ಕಿತ ಹೇಳು.’

ಹೇಳಿದೆ. ಕೆಟ್ಟ ಬಾಟಲಿಯನ್ನು ಇಬ್ಬರೂ ಪೂರ್ತಿ ಕುಡಿದೆವು.

೩ ಆಗಸ್ಟ್

ಸಿಕ್ಕಿಬಿದ್ದೆ. ಬಾಯಿಯ ವಾಸನೆಯಿಂದಲ್ಲ, ಅದಕ್ಕೆ ಏಲಕ್ಕಿ, ವೀಳ್ಯದೆಲೆ, ಲವಂಗ ಎಲ್ಲ ಏರ್ಪಾಡೂ ಇತ್ತು. ಊಟಕ್ಕೆ ಕೂರುವ ಮೊದಲು ಅಂಗಿ ತೆಗೆದು ಬಚ್ಚಲಿಗೆ ಹೋದೆ. ನಿರ್ಮಲಾ ಬೆನ್ನಿಗೆ ನೀರು ಹಾಕಲು ಬಂದಳು, ಬಂದು ಚೊಂಬು ಹಿಡಿದು ಹಾಗೇ ನಿಂತಳು.

‘ಲಿಂಗಪ್ಪ ಯಾಕೆ ಬೆನ್ನಿಗೆ ಹೋಗಿದಾನೆ?’

ಮುಂದಕ್ಕೆ ತಂದುಕೊಳ್ಳಲು ಮರೆತಿದ್ದೆ. ಹಿಂದಿನಿಂದ ಬರುವ ಶತ್ರುಗಳನ್ನು ಕಾಯಲಿ ಎಂದು ಅಲ್ಲಿ ಕೂರಿಸಿದ್ದೇನೆ ಎಂದೆ. ಚೆನ್ನಾಗಿಯೇ ಇತ್ತು ಆ ಮಾತು. ಅವಳು ನಗಲಿಲ್ಲ. ನನ್ನ ಹೆಗಲಿಗೆ ಮೂಗು ತಂದು ಒಂದು ಸಲ ಮೂಸಿದಳು. ಆಮೇಲೆ ನೀರು ಹಾಕಿದಳು, ಪೂರ್ತಿ ಹಂಡೆ ಖಾಲಿಯಾಗುವವರೆಗೆ.

ಎಲ್ಲವನ್ನೂ ಹೇಳಿದೆ. ಇದು ಕುಡಿತವಲ್ಲ, ಉದ್ಯೋಗ. ಆ ಮುದುಕನಿಗೆ ಪ್ರಪಂಚದಲ್ಲಿ ಉಳಿದಿರುವುದು ಇದೊಂದೇ ಎಂದು ವಿವರಿಸಿದೆ. ಅವಳು ಜಗಳ ಆಡಲಿಲ್ಲ. ಇದುವರೆಗೆ ಇಬ್ಬರೂ ಒಂದೇ ಮಣೆಯ ಎದುರು ಕುಳಿತು ಲಿಂಗಪೂಜೆ ಮಾಡುತ್ತಿದ್ದೆವು. ಇವತ್ತಿನಿಂದ ಅವಳ ಮಣೆ ನಡುಮನೆಯಲ್ಲಿ, ನನ್ನದು ಪಡಸಾಲೆಯಲ್ಲಿ.

೨೪ ಆಗಸ್ಟ್

ಕುಬುಸದ ಶಾಸ್ತ್ರ ಮುಗಿಯಿತು. ಹಸಿರು ಸೀರೆ ಉಡಿಸಿ ಮಾವ ಮಲ್ಲಿಕಾರ್ಜುನಪ್ಪನವರು ಮಗಳನ್ನು ಹೆರಿಗೆಗೆ ಕೆರೆಬಿಳಚಿಗೆ ಕರೆದುಕೊಂಡು ಹೋದರು. ಅಪ್ಪನಿಗೆ ಅವಳು ಏನೂ ಹೇಳಿಲ್ಲ. ಗಾಡಿ ಹತ್ತುವ ಮೊದಲು ನನ್ನನ್ನು ಹಿತ್ತಿಲ ಬಾಗಿಲಿಗೆ ಕರೆದಳು.

‘ಕೆಲಸ ಬಿಡ್ರಿ ಅಂತ ನಾ ಹೇಳಾಕೆ ಬರಲ್ಲ, ಹೊಟ್ಟೆ ಪಾಡು. ಒಂದೇ ಮಾತು. ತೊಟ್ಟಿಲಿಗೆ ಹಾಕೋ ದಿನ ಬಾಯಿ ತೊಳ್ಕಂಡು, ಲಿಂಗಪ್ಪನ್ನ ಮುಂದಿಟ್ಕಂಡು ಬರ್ರಿ. ಬಂದ್ರೆ ಕೂಸು ಕಟ್ಕಂಡು ನಿಮ್ಮ ಹಿಂದೇನೇ ಬರ್ತೀನಿ. ಇಲ್ಲಾಂದ್ರೆ ನಮ್ಮಪ್ಪನ ಮನೇಲಿ ತೊಟ್ಟಿಲಿಗೆ ಜಾಗ ಐತೆ.’

ಖಂಡಿತ ಬರುತ್ತೇನೆ ಎಂದೆ. ಬಾಟಲಿಗಳು ಅಷ್ಟರಲ್ಲಿ ಮುಗಿದೇ ಹೋಗುತ್ತವೆ, ಇದರಲ್ಲಿ ಕಷ್ಟವೇನಿದೆ.

೧೧ ಸೆಪ್ಟೆಂಬರ್

ಅರ್ಧ ಲೋಟದಲ್ಲಿ ಎಲ್ಲವೂ ಸಿಗುವುದಿಲ್ಲ. ಎರಡನೆಯ ಲೋಟದಲ್ಲಿ ಮರ ಹಿಂದಕ್ಕೆ ಸರಿದು ಹಣ್ಣು ಮುಂದಕ್ಕೆ ಬರುತ್ತದೆ. ಇದು ಈ ವಾರ ಕಂಡುಹಿಡಿದದ್ದು. ದೊರೆಗೆ ಬಹಳ ಸಂತೋಷವಾಯಿತು.

ದುರುಗಪ್ಪ ಮಾತ್ರ ಲೋಟ ಇಡುವಾಗ ಸದ್ದು ಮಾಡುತ್ತಾನೆ. ಅಮ್ಮೋರಿಲ್ಲ ಅಂತ ಹೊತ್ತಿಗೆ ಮುಂಚೇನೇ ಬರಾಕೆ ಹತ್ತಿದೀರಿ ಸ್ವಾಮೇರೆ, ಎಂದ. ಗಡಿಯಾರ ಸರಿಯಾಗಿಲ್ಲ ಎಂದೆ.

೨೩ ಸೆಪ್ಟೆಂಬರ್

ಖಾನಾವಳಿಯ ರೊಟ್ಟಿಗೆ ರುಚಿಯಿಲ್ಲ. ಮನೆಯಲ್ಲಿ ನಾನೇ ಅನ್ನ ಮಾಡಿದೆ, ಅದಕ್ಕೂ ಇಲ್ಲ. ತುಪ್ಪ ಹಾಕಿಕೊಂಡರೆ ತುಪ್ಪ ಮಾತ್ರ, ಅದರಾಚೆ ಏನೂ ಇಲ್ಲ. ಬಹುಶಃ ಈ ವರ್ಷ ಅಕ್ಕಿಯೇ ಸರಿಯಿಲ್ಲ.

೧೮ ಅಕ್ಟೋಬರ್

ಹೆಣ್ಣು ಮಗು. ಕೆರೆಬಿಳಚಿಯಿಂದ ಹನುಮಣ್ಣ ಎಂಬವನು ಸಕ್ಕರೆ ಹಿಡಿದುಕೊಂಡು ಬಂದ. ತಾಯಿ ಮಗು ಆರಾಮವಾಗಿದ್ದಾರೆ, ಗಾಡಿ ನಿಲ್ಲಿಸಿದ್ದೇನೆ, ಹೊರಡಿ ಎಂದ. ದೊರೆಗೆ ಒಂದು ಮಾತು ಹೇಳಿ ಬರುತ್ತೇನೆ ಎಂದು ಬಂಗಲೆಗೆ ಓಡಿದೆ. ಅವರು ಎದ್ದು ನಿಂತು ನನ್ನ ಕೈ ಕುಲುಕಿದರು. ಎರಡು ಕೈಯಲ್ಲೂ ಹಿಡಿದುಕೊಂಡರು. ಸುರಂಗದಿಂದ ಬಾಟಲಿ ತರಿಸಿ ಬಿರಡೆ ತೆಗೆಸಿದರು. ತೆಗೆದ ಮೇಲೆ ಅದನ್ನು ನಾಳೆಗೆ ಇಡುವ ಹಾಗಿಲ್ಲ, ವಾಸನೆ ಹಾರಿಹೋಗುತ್ತದೆ. ಆ ಬಾಯಿಯಲ್ಲಿ ಮಗುವಿನ ಹತ್ತಿರ ಹೋಗುವ ಹಾಗೂ ಇಲ್ಲ. ಹನುಮಣ್ಣ ಮುಸ್ಸಂಜೆಯವರೆಗೆ ಕಾದು ಹೊರಟುಹೋದನಂತೆ.

ಹೇಗಿದ್ದರೂ ಅವಳು ಹೇಳಿದ್ದು ತೊಟ್ಟಿಲಿಗೆ ಹಾಕುವ ದಿನ.

೭ ನವೆಂಬರ್

ಕೊನೆಯ ಬಾಟಲಿ. ದೊರೆ ಕ್ಷೌರ ಮಾಡಿಸಿಕೊಂಡು, ಕೋಟು ಹಾಕಿಕೊಂಡು ಕುಳಿತಿದ್ದರು. ತುಂಬ ಹೊತ್ತು ತೆಗೆದುಕೊಂಡು ಹೇಳಿದೆ. ಒಂದು ಹಂತದಲ್ಲಿ ಬಾಯಲ್ಲಿ ಏನೂ ಉಳಿದಿರಲಿಲ್ಲ, ಲೋಟವೂ ಖಾಲಿಯಾಗಿತ್ತು. ಮಾತು ಬರುತ್ತಲೇ ಇತ್ತು. ದೊರೆಯ ಕೆನ್ನೆ ಒದ್ದೆಯಾಯಿತು. ಒರೆಸಿಕೊಳ್ಳಲಿಲ್ಲ.

ಸಂಬಳ ಈ ತಿಂಗಳವರೆಗೆ.

೨೨ ನವೆಂಬರ್

ಹದಿನೈದು ದಿನದಿಂದ ನೀರು, ಮಜ್ಜಿಗೆ ಬಿಟ್ಟು ಬೇರೇನೂ ಕುಡಿದಿಲ್ಲ. ನಾಳೆ ಬೆಳಗಿನ ಮೋಟಾರಿಗೆ ಹೊರಡುತ್ತೇನೆ. ಶಿವದಾರ ಹೊಸದು ಕಟ್ಟಿಕೊಂಡಿದ್ದೇನೆ. ಕರಡಿಗೆಯನ್ನು ಹುಣಸೆಹಣ್ಣು ಹಚ್ಚಿ ತಿಕ್ಕಿದೆ. ಮಗುವಿಗೆ ಬೆಳ್ಳಿಯ ಕಾಲ್ಗಡಗ ತೆಗೆದುಕೊಂಡಿದ್ದೇನೆ. ನಿರ್ಮಲಾ ನನ್ನ ಹಿಂದೆಯೇ ಬರುತ್ತಾಳೆ. ನಡುಮನೆ ಗುಡಿಸಿಟ್ಟೆ.

೨೫ ನವೆಂಬರ್

ನಡೆದದ್ದನ್ನು ಬರೆಯಬೇಕು.

ಮಾವ ಬಾಗಿಲಲ್ಲೇ ನನ್ನನ್ನು ತಬ್ಬಿಕೊಂಡರು. ಮೂಸಿ ನೋಡಿದರೆಂದು ಈಗ ಅನ್ನಿಸುತ್ತದೆ. ಹಾಗಾದರೆ ಅಷ್ಟರಲ್ಲಿ ಅವರಿಗೂ ತಿಳಿದಿತ್ತು. ವಾಸನೆ ಬರಲಿಲ್ಲ, ಅವರ ಮುಖ ಅರಳಿತು. ನಿರ್ಮಲಾ ಒಳಗಿನಿಂದ ಬಂದು ಮೊದಲು ನೋಡಿದ್ದು ನನ್ನ ಎದೆಯನ್ನು. ಕರಡಿಗೆ ಇರಬೇಕಾದ ಕಡೆ ಇತ್ತು. ನಕ್ಕಳು. ಎಷ್ಟೋ ತಿಂಗಳ ಮೇಲೆ ಆ ನಗು ನೋಡಿದೆ. ಗಾಡಿಗೆ ಸಾಮಾನು ಕಟ್ಟಿಯಾಗಿದೆ ಎಂದು ಪಿಸುಗುಟ್ಟಿದಳು.

ತೊಟ್ಟಿಲಿಗೆ ಹಾಕುವ ಮೊದಲು ಅತ್ತೆ ಕಲ್ಲಮ್ಮನವರು ಮಗುವನ್ನು ತಂದು ನನ್ನ ತೊಡೆಯ ಮೇಲಿಟ್ಟರು. ಸುತ್ತ ಮನೆ ತುಂಬ ಹೆಂಗಸರು. ಬಗ್ಗಿ ಮಗುವಿನ ನೆತ್ತಿಯನ್ನು ಮೂಸಿದೆ. ಎಲ್ಲ ಅಪ್ಪಂದಿರೂ ಮಾಡುವುದನ್ನೇ ನಾನೂ ಮಾಡಿದ್ದು. ಬೆಣ್ಣೆ ಎಂದೆ. ಹೆಂಗಸರು ನಕ್ಕರು. ಕಾಯಿಸಿದ ಬೆಣ್ಣೆ, ಇನ್ನೂ ತುಪ್ಪವಾಗಿಲ್ಲ. ಅದರ ಹಿಂದೆ ಬಜೆ. ಬಜೆಯ ಹಿಂದೆ ಸಾಂಬ್ರಾಣಿ ಹೊಗೆ, ಹೊಗೆಯಲ್ಲಿ ಒಂದೆಳೆ ಸಿಹಿ. ನಗು ಕಡಿಮೆಯಾದದ್ದು ನನಗೆ ಕೇಳಿಸಲಿಲ್ಲ. ಕಣ್ಣು ಮುಚ್ಚಿದ್ದೆ. ಕಿವಿಯ ಹಿಂದೆ ಹರಳೆಣ್ಣೆ, ಕತ್ತಿನ ಮಡಿಕೆಯಲ್ಲಿ ಹುಳಿ, ಹಾಲು ಒಡೆಯುವ ಮೊದಲಿನ ಹುಳಿ, ಮರ್ಯಾದಸ್ಥ ಹುಳಿ, ಅದು ತಕ್ಷಣ ಹೋಗುವುದಿಲ್ಲ, ನಿಲ್ಲುತ್ತದೆ, ಎಂದು ನಿಧಾನವಾಗಿ, ಬಿಡಿಸಿ ಬಿಡಿಸಿ ಹೇಳುತ್ತಿದ್ದೆ. ಮಗುವನ್ನು ಬೆಳಕಿಗೆ ಹಿಡಿದು ಸ್ವಲ್ಪ ಓರೆ ಮಾಡಿ ತಿರುಗಿಸಿದೆನಂತೆ. ಅತ್ತೆ ಆಮೇಲೆ ಹೇಳಿದ್ದು. ನನಗೆ ನೆನಪಿಲ್ಲ.

‘ಯಾರಿಗೆ ಹೇಳ್ತಿದೀರಿ?’

ನಿರ್ಮಲಾ ಕೇಳಿದಳು. ಗಟ್ಟಿಯಾಗಿ ಕೇಳಲಿಲ್ಲ. ಕಣ್ಣು ತೆರೆದೆ. ಎದುರಿನ ಕುರ್ಚಿಯಲ್ಲಿ ಯಾರೂ ಇರಲಿಲ್ಲ, ಕುರ್ಚಿಯೇ ಇರಲಿಲ್ಲ. ಅವಳು ಮಗುವನ್ನು ಎತ್ತಿಕೊಂಡು ಸೆರಗು ಮುಚ್ಚಿದಳು.

ಹೋಳಿಗೆ ಬಡಿಸಿದಳು, ಎರಡನೆಯದನ್ನು ಬಲವಂತ ಮಾಡಿ ಹಾಕಿದಳು. ಸಾಯಂಕಾಲ ಗಾಡಿಯಿಂದ ಸಾಮಾನು ಬಿಚ್ಚಿ ಒಳಗೆ ತರುತ್ತಿದ್ದರು. ನಾನು ಹೇಳಿದ ಹಾಗೆಯೇ ಬಂದಿದ್ದೇನಲ್ಲ, ಬಾಯಿ ತೊಳೆದಿದ್ದೇನೆ, ಬಾಟಲಿಯೂ ಮುಗಿದಿದೆ ಎಂದೆ.

‘ಗೊತ್ತು ರೀ,’ ಎಂದಳು. ‘ಬಾಯಿ ಬಂದೈತೆ. ನೀವು ಬಂದಿಲ್ಲ.’

ಅಂಥ ಮಾತಿಗೆ ಎದುರು ಮಾತು ಹೊಸೆಯುವುದೇ ನನ್ನ ಕಸುಬು. ಕಾಲ್ಗಡಗವನ್ನು ಅತ್ತೆಯ ಕೈಗೆ ಕೊಟ್ಟು ಮೋಟಾರಿಗೆ ಹೊರಟೆ.

೩೦ ನವೆಂಬರ್

ಬಂಗಲೆಗೆ ಹೋದೆ. ಕೊನೆಯ ಸಂಬಳ ತೆಗೆದುಕೊಳ್ಳಲು. ಮೇಜಿನ ಮೇಲೆ ನೀರಿನ ಹೂಜಿ, ಎರಡು ಲೋಟ. ದುರುಗಪ್ಪ ಹೊರಗೆ ಖಾಲಿ ಪೆಟ್ಟಿಗೆಯನ್ನು ಒಡೆದು ಸೌದೆ ಮಾಡುತ್ತಿದ್ದ.

ನಿರ್ಮಲಾ ಬಂದಿಲ್ಲವೆಂದು ದೊರೆಗೆ ಹೇಳಲಿಲ್ಲ. ಅವರು ಕೇಳಲೂ ಇಲ್ಲ. ಮಗುವಿನ ವಾಸನೆ ಹೇಗಿರುತ್ತದೆ, ನನಗೆ ಮಕ್ಕಳಿಲ್ಲ, ಹೇಳಪ್ಪ ಎಂದರು. ಲೋಟಕ್ಕೆ ನೀರು ಬಗ್ಗಿಸಿಕೊಂಡು ಕಣ್ಣು ಮುಚ್ಚಿ ಕುಳಿತರು.

ಹೇಳಿದೆ. ಬೆಣ್ಣೆಯಿಂದ ಶುರು ಮಾಡಿ ಬಜೆ, ಸಾಂಬ್ರಾಣಿ, ಹರಳೆಣ್ಣೆ, ಒಂದನ್ನೂ ಬಿಡಲಿಲ್ಲ. ಕೆರೆಬಿಳಚಿಯಲ್ಲಿ ಸಿಕ್ಕದ್ದಕ್ಕಿಂತ ಹೆಚ್ಚಾಗಿಯೇ ಹೇಳಿದೆ. ತುಂಬ ಚೆನ್ನಾಗಿ ಬಂತು. ದೊರೆ ನೀರನ್ನು ಗುಟುಕು ಗುಟುಕಾಗಿ ಕುಡಿದು ಮುಗಿಸಿದರು. ಆಮೇಲೆ ಕಣ್ಣು ತೆರೆದು, ಮುಖ ಯಾರ ಹಾಗೆ ಐತೆ, ನಿನ್ನ ಹಾಗೋ ತಾಯಿ ಹಾಗೋ ಎಂದು ಕೇಳಿದರು.

ನಾನು ಮುಖ ನೋಡಿರಲಿಲ್ಲ.

ತಾಯಿಯ ಹಾಗೆ ಎಂದೆ.